ಬೆಳಗಾವಿ ಜಿಲ್ಲೆಯ ನೆಲ, ನೀರು ಮತ್ತು ಒಕ್ಕಲುಜನ

ಕರ್ನಾಟಕದ ವಾಯವ್ಯ ಮೂಲೆಯಲ್ಲಿ, ಸಹ್ಯಾದ್ರಿಯ ನೆತ್ತಿಯಿಂದ ಕೃಷ್ಣಾನದಿಯ ಬಯಲಿನವರೆಗೆ ಇಳಿಜಾರಾಗಿ ಹಬ್ಬಿಕೊಂಡಿರುವ ಬೆಳಗಾವಿ ಜಿಲ್ಲೆಯು ವಿಸ್ತೀರ್ಣದಲ್ಲಿ ರಾಜ್ಯದ ಎಲ್ಲಾ ಜಿಲ್ಲೆಗಳಿಗಿಂತಲೂ ದೊಡ್ಡದು. ಇದರ ವಿಸ್ತೀರ್ಣವು 13,415 ಚದರ ಕಿಲೋಮೀಟರುಗಳು. 2011ನೆಯ ಇಸವಿಯ ಜನಗಣತಿಯ ಪ್ರಕಾರ ಇಲ್ಲಿನ ಜನಸಂಖ್ಯೆಯು 47,79,661 ಆಗಿದ್ದಿತು. ಆ ಗಣತಿಯಲ್ಲಿ ಬೆಂಗಳೂರು ನಗರ ಜಿಲ್ಲೆಯೊಂದನ್ನು ಬಿಟ್ಟರೆ ರಾಜ್ಯದಲ್ಲಿ ಇಷ್ಟು ಜನರಿದ್ದ ಜಿಲ್ಲೆಯು ಮತ್ತೊಂದಿರಲಿಲ್ಲ. ಆದರೆ ಬೆಂಗಳೂರಿಗೂ ಇದಕ್ಕೂ ಒಂದು ಮುಖ್ಯವಾದ ಭೇದವುಂಟು. ಇಲ್ಲಿನ ನಾಲ್ವರಲ್ಲಿ ಸುಮಾರು ಮೂವರು ಹಳ್ಳಿಗಳಲ್ಲಿ ವಾಸಿಸತಕ್ಕವರು. ಆದುದರಿಂದ ಈ ಜಿಲ್ಲೆಯ ಭೂವಿವರಣೆಯನ್ನು ತಿಳಿಯುವುದೆಂದರೆ ಇಲ್ಲಿನ ಒಕ್ಕಲುತನವನ್ನು ತಿಳಿಯುವುದೇ ಆಗಿರುತ್ತದೆ.

ಜಿಲ್ಲೆಯ ಸ್ವರೂಪವನ್ನು ಮನಸ್ಸಿಗೆ ತಂದುಕೊಳ್ಳಲು ಒಂದು ಸುಲಭವಾದ ಉಪಾಯವಿದೆ. ನಕ್ಷೆಯಲ್ಲಿ ನೈಋತ್ಯದ ಕಣಕುಂಬಿಯಿಂದ ಈಶಾನ್ಯದ ಅಥಣಿಯವರೆಗೆ ಒಂದು ಗೆರೆಯನ್ನು ಎಳೆಯಬೇಕು. ಗೆರೆಯ ಮೊದಲ ತುದಿಯಲ್ಲಿ ವರ್ಷಕ್ಕೆ ಮೂರು ಸಾವಿರ ಮಿಲಿಮೀಟರಿಗೂ ಮೀರಿ ಮಳೆಯಾಗುವುದು. ಸಮುದ್ರಮಟ್ಟದಿಂದ ಸುಮಾರು 760 ಮೀಟರು ಎತ್ತರದಲ್ಲಿರುವ ಬೆಳಗಾವಿ ಪಟ್ಟಣಕ್ಕೆ ಬರುವ ಹೊತ್ತಿಗೆ ಅದು ಸಾವಿರದ ಇನ್ನೂರರ ಆಸುಪಾಸಿಗೆ ಇಳಿಯುವುದು. ಅಥಣಿಯನ್ನು ಮುಟ್ಟುವಾಗ ಐದುನೂರು ಆರುನೂರು ಮಿಲಿಮೀಟರೇ ಉಳಿಯುವುದು, ಅದೂ ನೆಚ್ಚಿಕೆಯದಲ್ಲ. ಕೆಲವು ಗಂಟೆಗಳ ಮೋಟಾರು ಪ್ರಯಾಣದೊಳಗೆ ಇಷ್ಟು ವ್ಯತ್ಯಾಸವಾಗುವ ಸೀಮೆಗಳು ಹೆಚ್ಚಾಗಿಲ್ಲ. ಮಣ್ಣಾದರೋ ಇದಕ್ಕೆ ತಿರುಗುಮುರುಗಾಗಿ ಹಂಚಿಹೋಗಿದೆ. ಮಳೆ ಸುರಿಯುವ ಕಡೆಯಲ್ಲಿ ನೀರನ್ನು ಹಿಡಿದಿಟ್ಟುಕೊಳ್ಳುವ ಮಣ್ಣಿಲ್ಲ. ಹಿಡಿದಿಟ್ಟುಕೊಳ್ಳುವ ಮಣ್ಣಿರುವ ಕಡೆಯಲ್ಲಿ ಮಳೆಯಿಲ್ಲ. ಈ ಕೊರತೆಯನ್ನು ತುಂಬಿಕೊಳ್ಳುವ ಪ್ರಯತ್ನವೇ ಜಿಲ್ಲೆಯ ಬೇಸಾಯದ ಇತಿಹಾಸವಾಗಿರುವುದು. ಈಗ ಮೂಡಲಸೀಮೆಯ ರೈತರನ್ನು ಬಾಧಿಸುತ್ತಿರುವ ದೊಡ್ಡ ಕಷ್ಟವೊಂದು ಆ ಪ್ರಯತ್ನದ ಅತಿರೇಕದಿಂದಲೇ ಹುಟ್ಟಿದುದೆಂಬುದನ್ನು ಮುಂದೆ ತೋರಿಸಲಾಗುವುದು.

ಖಾನಾಪುರ ತಾಲ್ಲೂಕಿನ ಪಡುವಣ ಭಾಗವು ಅಪ್ಪಟ ಮಲೆನಾಡು. ಕಣಕುಂಬಿ, ಜಾಂಬೋಟಿ, ಆಮಗಾಂವಗಳ ಸುತ್ತ ದಟ್ಟವಾದ ಕಾಡು ಕವಿದಿದೆ. 2011ರಲ್ಲಿ ವನ್ಯಧಾಮವೆಂದು ಘೋಷಿಸಲ್ಪಟ್ಟ ಭೀಮಗಡವು ಇಲ್ಲಿಯೇ ಇರುವುದು. ಇಲ್ಲಿನದು ಜಂಬಿಟ್ಟಿಗೆಯ ಕೆಂಪು ಮಣ್ಣು. ಬಿದ್ದ ಮಳೆಯು ಸುಣ್ಣವೇ ಮೊದಲಾದ ಸಾರಗಳನ್ನು ತೊಳೆದುಕೊಂಡು ಹೋಗುವುದರಿಂದ ಮಣ್ಣಿನಲ್ಲಿ ಹುಳಿ ಹೆಚ್ಚು. ಬತ್ತವೇ ಮುಖ್ಯವಾದ ಬೆಳೆ. ತಗ್ಗಿನ ಗದ್ದೆಗಳಲ್ಲಿ ಸಸಿ ನೆಡುವರು. ಉಳಿದ ಕಡೆ ಮುಂಗಾರಿಗೆ ಮುಂಚೆಯೇ ಒಣಮಣ್ಣಿನಲ್ಲಿ ಕೂರಿಗೆಯಿಂದ ಬತ್ತವನ್ನು ಬಿತ್ತಿ, ಮೊಳೆತ ಮೇಲೆ ಎಡೆಕುಂಟೆ ಹೊಡೆಯುವರು. ದಕ್ಷಿಣದ ಜಿಲ್ಲೆಗಳ ರೈತರು ಇದನ್ನು ಮೊದಲ ಬಾರಿಗೆ ನೋಡಿದಾಗ ಬೆರಗಾಗುವುದುಂಟು. ಸಸಿಮಡಿಯ ಖರ್ಚೂ ಕೆಸರುಗದ್ದೆಯ ದುಡಿತವೂ ಉಳಿಯುವ ಈ ಪದ್ಧತಿಯು ಕೂಲಿಯಾಳು ಸಿಕ್ಕದ ಈ ಕಾಲದಲ್ಲಿ ಇತರ ಜಿಲ್ಲೆಗಳವರೂ ವಿಚಾರಿಸತಕ್ಕದ್ದಾಗಿದೆ. ಕಾಡಿನ ಅಂಚಿನಲ್ಲಿ ದನ ಎಮ್ಮೆಗಳನ್ನು ಸಾಕಿ ಜೀವಿಸುವ ಗವಳಿ ಜನರ ಬಿಡಿ ಬಿಡಿ ವಸತಿಗಳುಂಟು. ಮಳೆಗಾಲದಲ್ಲಿ ಹಳ್ಳಗಳು ತುಂಬಿದರೆ ಕಾಡೊಳಗಿನ ಕೆಲವು ಹಳ್ಳಿಗಳಿಗೆ ದಾರಿಯೇ ಇಲ್ಲದಂತಾಗಿ, ಬೇನೆ ಬಿದ್ದವರನ್ನು ಹೆಗಲ ಮೇಲೆ ಹೊತ್ತು ತರಬೇಕಾಗುವುದು.

ಇಲ್ಲಿಂದ ಮೂಡಲಿಗೆ ಬಂದರೆ ಬೆಳಗಾವಿ, ಹುಕ್ಕೇರಿ, ಕಿತ್ತೂರು, ಬೈಲಹೊಂಗಲ ತಾಲ್ಲೂಕುಗಳೂ ಚಿಕ್ಕೋಡಿಯ ಪಡುವಣ ಭಾಗವೂ ನಿಪ್ಪಾಣಿಯ ಸೀಮೆಯೂ ಸೇರಿದ ನಡುಪಟ್ಟಿಯು ಸಿಕ್ಕುವುದು. ಮಸಾರಿಯೂ ಎರೆಯೂ ಬೆರೆತ ನೆಲ, ಹದವಾದ ಮಳೆ. ಜಿಲ್ಲೆಯಲ್ಲಿ ಬಗೆಬಗೆಯ ಬೆಳೆಗಳನ್ನು ನೋಡಬೇಕಾದರೆ ಇಲ್ಲಿಗೇ ಬರಬೇಕು. ಸೋಯಾ ಅವರೆ, ಜೋಳ, ಗೋವಿನಜೋಳ, ಶೇಂಗಾ, ಹತ್ತಿ, ಗೋಧಿ ಇವೆಲ್ಲವೂ ಒಂದೇ ಊರಿನ ಎಲ್ಲೆಯೊಳಗೆ ಕಾಣಸಿಕ್ಕುವುವು. ಬೆಳಗಾವಿ ಪಟ್ಟಣದ ಸುತ್ತಣ ಹಳ್ಳಿಗಳು ಬಟಾಟೆ, ಕೋಸು, ಗಜ್ಜರಿ ಮೊದಲಾದ ಕಾಯಿಪಲ್ಲೆಗಳಿಗೆ ಹೆಸರಾದುವು. ನಸುಕಿನಲ್ಲಿ ಪೇಟೆಗೆ ಬಂದ ಕಾಯಿಪಲ್ಲೆಯು ಘಟ್ಟವನ್ನಿಳಿದು ಗೋವೆಯ ಅಡಿಗೆಮನೆಗಳನ್ನು ಸೇರುವುದು. ನಿಪ್ಪಾಣಿಯ ಭಾಗವು ಬೀಡಿ ತಂಬಾಕಿನದು. ಈ ಬೆಳೆಯನ್ನು ಹೊಲದಲ್ಲಿ ರೈತನೂ ಮನೆಯಲ್ಲಿ ಬೀಡಿ ಕಟ್ಟುವ ಹೆಂಗಸರೂ ನಂಬಿಕೊಂಡಿದ್ದರು, ಈಗಲೂ ತಕ್ಕಮಟ್ಟಿಗೆ ನಂಬಿಕೊಂಡಿರುವರು. 1981ರಲ್ಲಿ ತಂಬಾಕಿಗೆ ಯೋಗ್ಯವಾದ ಬೆಲೆಯನ್ನು ಕೇಳಿ ರೈತರು ಹೆದ್ದಾರಿಯ ಮೇಲೆ ಕುಳಿತರು. ಆಗ ನಡೆದ ಗೋಲೀಬಾರಿನಲ್ಲಿ ಹಲವರು ಪ್ರಾಣ ನೀಗಿದರು. ಬೆಳೆಯ ಬೆಲೆಯ ಪ್ರಶ್ನೆಯು ಈ ಸೀಮೆಯಲ್ಲಿ ಎಷ್ಟು ಹಳೆಯದೆಂಬುದಕ್ಕೆ ಇದೊಂದು ಸಾಕ್ಷಿ.

ಮೂರನೆಯದು ಬಯಲುಸೀಮೆ. ಸವದತ್ತಿ, ರಾಮದುರ್ಗ, ಗೋಕಾಕ, ಮೂಡಲಗಿ, ರಾಯಬಾಗ, ಕಾಗವಾಡ, ಅಥಣಿಗಳು ಇದರಲ್ಲಿ ಸೇರುವುವು. ಇಲ್ಲಿ ಆಳವಾದ ಎರೆ ಭೂಮಿಯೂ ನಡುನಡುವೆ ಕಲ್ಲುಮಡ್ಡಿಗಳೂ ಇರುವುವು. ನೀರಾವರಿ ಇಲ್ಲದ ಎರೆಯಲ್ಲಿ ಹಿಂಗಾರಿಯೇ ಮುಖ್ಯ. ಮುಂಗಾರಿಯ ಮಳೆಯನ್ನು ಖಾಲಿ ಹೊಲಕ್ಕೆ ಕುಡಿಸಿ, ಹರಗಿ ಹದಮಾಡಿ, ಉತ್ತರಿ ಹಸ್ತದ ಮಳೆಗಳಿಗೆ ಬಿಳಿಜೋಳ, ಕಡಲೆ, ಕುಸುಬೆಗಳನ್ನು ಬಿತ್ತುವರು. ಬಿತ್ತಿದ ಮೇಲೆ ಮಳೆ ಬಾರದಿದ್ದರೂ ಮಣ್ಣಿನೊಳಗಣ ತೇವದಿಂದಲೂ ಇಬ್ಬನಿಯಿಂದಲೂ ಪೈರು ಬೆಳೆದು ಬರುವುದು. ನೆಲದ ಹದವನ್ನು ಅರಿತು ಮಾಡುವ ಈ ಬೇಸಾಯಕ್ಕೆ ಎಷ್ಟು ಶತಮಾನಗಳ ಅನುಭವವು ಬೇಕಾಯಿತೋ! ಅಥಣಿಯ ಒಣಭಾಗದಲ್ಲಿ ದ್ರಾಕ್ಷಿಯನ್ನು ಬೆಳೆದು ಒಣದ್ರಾಕ್ಷಿ ಮಾಡುವರು. ಮೂಡಲಗಿ ರಾಯಬಾಗಗಳ ಕಡೆ ಅರಿಷಿಣ ಬೆಳೆಯುವರು. ಇದೇ ಬಯಲಿನಲ್ಲಿ ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಸಾಂಗಲಿ ಮೀರಜ ಮೊದಲಾದ ಸಂಸ್ಥಾನಗಳ ಒಡೆಯರು ಅಂಟುವ ಎರೆಮಣ್ಣಿನಲ್ಲಿ ರಂಟೆ ಎಳೆಯುವುದಕ್ಕೆ ತಕ್ಕ ಭಾರಿ ಎತ್ತುಗಳನ್ನು ಪಡೆಯಲೋಸ್ಕರ ಕೃಷ್ಣಾ ಕಣಿವೆಯ ತಳಿಯನ್ನು ರೂಢಿಗೆ ತಂದರು. ಟ್ರ್ಯಾಕ್ಟರುಗಳು ಬಂದ ತರುವಾಯ ಈ ತಳಿಯ ದನಗಳು ಬಹಳ ವಿರಳವಾಗಿ ಹೋದುವು. ಖಿಲಾರಿ ಎತ್ತುಗಳು ಮಾತ್ರ ಜಾತ್ರೆಗಳಲ್ಲಿಯೂ ಓಟದ ಪಂದ್ಯಗಳಲ್ಲಿಯೂ ಇನ್ನೂ ಮಾನವನ್ನು ಪಡೆಯುತ್ತಿರುವುವು.

ಇನ್ನು ನದಿಗಳ ವಿಷಯ. ಮಲಪ್ರಭೆಯು ಕಣಕುಂಬಿಯಲ್ಲಿ ಹುಟ್ಟಿ, ಖಾನಾಪುರದ ಮೇಲೆ ಹಾದು, ಸವದತ್ತಿಯ ಸಮೀಪದಲ್ಲಿ ಗುಡ್ಡವನ್ನು ಕೊರೆದುಕೊಂಡು ನವಿಲುತೀರ್ಥದಲ್ಲಿ ಹೊರಬಿದ್ದು, ರಾಮದುರ್ಗದ ಮಾರ್ಗವಾಗಿ ಸಾಗಿ ಬಾಗಲಕೋಟೆ ಜಿಲ್ಲೆಯ ಕೂಡಲಸಂಗಮದಲ್ಲಿ ಕೃಷ್ಣೆಯನ್ನು ಸೇರುವುದು. ಘಟಪ್ರಭೆಯು ಮಹಾರಾಷ್ಟ್ರದ ಘಟ್ಟಗಳಿಂದ ಇಳಿದು ಬಂದು ಗೋಕಾಕದಲ್ಲಿ ಸುಮಾರು 52 ಮೀಟರು ಎತ್ತರದಿಂದ ಧುಮುಕುವುದು. ಹಿರಣ್ಯಕೇಶಿ ಮಾರ್ಕಂಡೇಯಗಳು ಇದರ ಉಪನದಿಗಳು. ಕೃಷ್ಣೆಯು ದೂಧಗಂಗಾ ವೇದಗಂಗಾಗಳ ನೀರನ್ನೂ ಕೂಡಿಸಿಕೊಂಡು ಉತ್ತರದ ಅಂಚಿನಲ್ಲಿ ಹರಿಯುವುದು. ಇವೆಲ್ಲವೂ ಮೂಡಲಿಗೆ ಹರಿಯತಕ್ಕವು. ಮಹದಾಯಿಯೊಂದು ಮಾತ್ರ ಖಾನಾಪುರದ ದೇಗಾಂವದ ಬಳಿ ಹುಟ್ಟಿ ಬೆನ್ನು ತಿರುಗಿಸಿ ಗೋವೆಗೆ ಇಳಿದುಬಿಡುವುದು. ಈ ನೀರಿನಲ್ಲಿ ಸ್ವಲ್ಪ ಭಾಗವನ್ನು ಕಳಸಾ ಬಂಡೂರಿ ನಾಲೆಗಳ ಮೂಲಕ ಮಲಪ್ರಭೆಗೆ ತಿರುಗಿಸಬೇಕೆಂಬ ಬೇಡಿಕೆಯು ಬಹುಕಾಲದಿಂದ ನಡೆದು, 2018ರಲ್ಲಿ ನ್ಯಾಯಾಧಿಕರಣವು ಅದಕ್ಕೆಂದು 3.9 ಟಿ.ಎಂ.ಸಿ. ನೀರನ್ನು ಗೊತ್ತುಮಾಡಿತು.

ಈ ನದಿಗಳನ್ನು ಕಟ್ಟಿ ನೀರನ್ನು ಬಯಲಿಗೆ ಒಯ್ಯುವ ಕೆಲಸವು ಇಂದು ನಿನ್ನೆಯದಲ್ಲ. ಹತ್ತೊಂಬತ್ತನೆಯ ಶತಮಾನದ ಕೊನೆಯ ಹೊತ್ತಿಗೇ ಘಟಪ್ರಭೆಗೆ ಧೂಪದಾಳದಲ್ಲಿ ಒಡ್ಡು ಕಟ್ಟಿ ಗೋಕಾಕ ಕಾಲುವೆಯನ್ನು ತೆಗೆದರು. ಜಲಪಾತದ ಶಕ್ತಿಯಿಂದ ನೂಲಿನ ಗಿರಣಿಯನ್ನೂ ನಡೆಯಿಸಿದರು. ಸ್ವಾತಂತ್ರ್ಯ ಬಂದ ಮೇಲೆ ಹಿಡಕಲ್ಲಿನಲ್ಲಿ ಘಟಪ್ರಭೆಗೂ ನವಿಲುತೀರ್ಥದಲ್ಲಿ ಮಲಪ್ರಭೆಗೂ ದೊಡ್ಡ ಅಣೆಕಟ್ಟುಗಳಾದುವು. ಮೊದಲನೆಯದರಲ್ಲಿ ಸುಮಾರು 51 ಟಿ.ಎಂ.ಸಿ.ಯೂ ಎರಡನೆಯದರಲ್ಲಿ ಸುಮಾರು 37 ಟಿ.ಎಂ.ಸಿ.ಯೂ ನೀರು ನಿಲ್ಲುವುದು. ಕಾಲುವೆಗಳು ಬಂದಲ್ಲಿ ಜಿರಾಯತ ಭೂಮಿಯು ಬಾಗಾಯತವಾಯಿತು. ಕಾಲುವೆಗಳ ಕರದ ಪ್ರಶ್ನೆಯೂ ಅವುಗಳ ಜೊತೆಗೇ ಬಂದಿತು. 1980ರಲ್ಲಿ ನೆರೆಯ ನರಗುಂದ ನವಲಗುಂದಗಳಲ್ಲಿ ಮಲಪ್ರಭಾ ಅಚ್ಚುಕಟ್ಟಿನ ರೈತರು ಸುಧಾರಣಾ ಕರದ ವಿರುದ್ಧವಾಗಿ ಎದ್ದು ನಿಂತದ್ದನ್ನು ವಾಚಕರು ಕೇಳಿಯೇ ಇರುವರು.

ಅಣೆಕಟ್ಟುಗಳಿಂದ ಬರಗಾಲವೂ ನೆರೆಯೂ ತಪ್ಪಿಹೋದುವೆಂದು ತಿಳಿಯಬಾರದು. 2019ರ ಬೇಸಿಗೆಯಲ್ಲಿ ಚಿಕ್ಕೋಡಿ ಅಥಣಿಗಳ ಕಡೆ ಕೃಷ್ಣೆಯ ಪಾತ್ರವು ಬತ್ತಿ, ಕುಡಿಯುವುದಕ್ಕಾದರೂ ಕೊಯ್ನಾ ಜಲಾಶಯದಿಂದ ನೀರು ಬಿಡಬೇಕೆಂದು ಮಹಾರಾಷ್ಟ್ರವನ್ನು ಕೇಳಿಕೊಳ್ಳಬೇಕಾಯಿತು. ಅದೇ ವರ್ಷದ ಆಗಸ್ಟಿನಲ್ಲಿ ಅದೇ ಕೃಷ್ಣೆಯೂ ಘಟಪ್ರಭಾ ಮಲಪ್ರಭೆಗಳೂ ಏಕಕಾಲದಲ್ಲಿ ಉಕ್ಕಿ ದಂಡೆಯ ಊರುಗಳನ್ನು ಮುಳುಗಿಸಿದುವು. ಮೂರು ತಿಂಗಳ ಹಿಂದೆ ಕೊಡಕ್ಕೋಸ್ಕರ ಸಾಲಿನಲ್ಲಿ ನಿಂತವರು ದನಕರುಗಳನ್ನು ಬಿಚ್ಚಿಕೊಂಡು ಪರಿಹಾರಕೇಂದ್ರಗಳಿಗೆ ಓಡಿದರು. ಮಳೆಯು ಘಟ್ಟದಲ್ಲಿ ಬೀಳುವುದು. ಅದರ ಫಲವನ್ನು ಉಣ್ಣುವವರೂ ಪೆಟ್ಟನ್ನು ತಿನ್ನುವವರೂ ಬಯಲಿನವರು.

ಆಡಳಿತದ ಇತಿಹಾಸವನ್ನು ಇಲ್ಲಿ ಬೆಳೆಸಬೇಕಾದುದಿಲ್ಲ. 1836ರಲ್ಲಿ ಧಾರವಾಡದಿಂದ ಬೇರ್ಪಡಿಸಲ್ಪಟ್ಟು ಬೆಳಗಾವಿಯು ಪ್ರತ್ಯೇಕ ಜಿಲ್ಲೆಯಾಯಿತು. ಮುಂಬಯಿ ಇಲಾಖೆಗೆ ಸೇರಿದ್ದ ಈ ಜಿಲ್ಲೆಯ ನಡುವೆ ರಾಮದುರ್ಗದಂತಹ ಪ್ರತ್ಯೇಕ ಸಂಸ್ಥಾನವೂ, ಕೊಲ್ಹಾಪುರಕ್ಕೆ ಸೇರಿದ್ದ ರಾಯಬಾಗದಂತಹ ತುಣುಕುಗಳೂ ಇದ್ದುವು. ಸ್ವಾತಂತ್ರ್ಯಾನಂತರ ಇವೆಲ್ಲವೂ ವಿಲೀನವಾದುವು. 1956ರಲ್ಲಿ ಚಂದಗಡ ತಾಲ್ಲೂಕನ್ನು ಬಿಟ್ಟು ಉಳಿದ ಜಿಲ್ಲೆಯು ಮೈಸೂರು ರಾಜ್ಯಕ್ಕೆ ಬಂದಿತು. 1824ರಲ್ಲಿ ಕಿತ್ತೂರಿನ ರಾಣಿ ಚೆನ್ನಮ್ಮನು ಇಂಗ್ಲಿಷರನ್ನು ಎದುರಿಸಿದುದೂ, 1831ರಲ್ಲಿ ಸಂಗೊಳ್ಳಿ ರಾಯಣ್ಣನು ನಂದಗಡದಲ್ಲಿ ಗಲ್ಲಿಗೇರಿದುದೂ ಈ ನೆಲದಲ್ಲಿಯೇ. 1924ರ ಡಿಸೆಂಬರಿನಲ್ಲಿ ಮಹಾತ್ಮಾ ಗಾಂಧಿಯವರು ಅಧ್ಯಕ್ಷರಾಗಿದ್ದ ಒಂದೇ ಒಂದು ಕಾಂಗ್ರೆಸ್ ಅಧಿವೇಶನವು ಬೆಳಗಾವಿಯಲ್ಲಿ ನಡೆದಾಗ ಅಷ್ಟು ಜನಕ್ಕೆ ನೀರು ಬೇಕೆಂದು ಬಾವಿಯೊಂದನ್ನು ತೋಡಿದರು. ಕಾಂಗ್ರೆಸ್ ಬಾವಿಯೆಂದು ಅದು ಇಂದಿಗೂ ಉಳಿದಿದೆ. ಸಭೆಗಳ ನೆನಪಿಗಾಗಿ ಕಂಬಗಳನ್ನು ನೆಡುವವರು ಇದನ್ನು ಗಮನಿಸಬಹುದು.

ಜನರಲ್ಲಿ ಮೂರರಲ್ಲಿ ಎರಡು ಪಾಲಿಗೂ ಮಿಕ್ಕಿ ಕನ್ನಡ ಮಾತೃಭಾಷೆಯವರು. ಮರಾಠಿಯವರು ಐದನೆಯ ಒಂದು ಪಾಲಿಗೆ ಸ್ವಲ್ಪ ಕಡಿಮೆ. ಉರ್ದು ಮಾತನಾಡುವವರು ಹತ್ತನೆಯ ಒಂದು ಪಾಲಿನ ಹತ್ತಿರ. ಭಾಷೆಯ ಹೆಸರಿನಲ್ಲಿ ಪಟ್ಟಣಗಳಲ್ಲಿ ನಡೆಯುವ ವಿವಾದವನ್ನು ಓದಿದವರಿಗೆ ಹಳ್ಳಿಯ ಹೊಲಗಳಲ್ಲಿ ಎರಡು ನುಡಿಗಳು ಎಷ್ಟು ಹೆಣೆದುಕೊಂಡಿರುವುವೆಂಬುದು ತಿಳಿಯದು. ಹಂಗಾಮು, ಜಿರಾಯತ, ಬಾಗಾಯತ, ಶೇಂಗಾ ಎಂಬ ಮಾತುಗಳು ಇಬ್ಬರ ಬಾಯಲ್ಲಿಯೂ ಒಂದೇ. ಊರ ಲೆಕ್ಕವನ್ನು ಇಡುವವನು ಇಬ್ಬರಿಗೂ ತಲಾಟಿಯೇ. ಕಾರಹುಣ್ಣಿಮೆಯ ದಿನ ಕನ್ನಡದ ಒಕ್ಕಲಿಗನು ಎತ್ತುಗಳ ಮೈತೊಳೆದು ಕೊಂಬಿಗೆ ಬಣ್ಣ ಹಚ್ಚಿ ಕರಿ ಹರಿಯುವನಷ್ಟೆ. ಅದೇ ದಿನದ ಎತ್ತಿನ ಹಬ್ಬವನ್ನು ಗಡಿಯ ಆಚೆಯ ಮರಾಠಿ ರೈತರು ‘ಕರ್ನಾಟಕಿ ಬೇಂದೂರ’ ಎಂದು ಕರೆದು ಆಚರಿಸುವರು.

ಒಕ್ಕಲುತನ ಮಾಡುವವರಲ್ಲಿ ಲಿಂಗವಂತರು, ಮರಾಠರು, ಚಿಕ್ಕೋಡಿ ಅಥಣಿಗಳ ಕಡೆಯ ಜೈನರು, ಕುರುಬರು, ಬೇಡರು, ಉಪ್ಪಾರರು, ಮುಸಲ್ಮಾನರು ಎಲ್ಲರೂ ಇರುವರು. ಕುರುಬರು ಹಿಂಡುಗಳೊಡನೆ ಊರೂರು ಅಲೆಯುತ್ತ, ಖಾಲಿಯಾದ ಹೊಲಗಳಲ್ಲಿ ರಾತ್ರಿ ಕುರಿ ನಿಲ್ಲಿಸಿ, ಗೊಬ್ಬರದ ಪ್ರತಿಫಲವಾಗಿ ಕಾಳನ್ನೋ ಹಣವನ್ನೋ ಪಡೆಯುವರು. ಎರೆನೆಲಕ್ಕೆ ಇದಕ್ಕಿಂತ ಒಳ್ಳೆಯ ಗೊಬ್ಬರವನ್ನು ಹೇಳುವುದು ಕಷ್ಟ. ಸವದತ್ತಿಯ ಎಲ್ಲಮ್ಮನ ಗುಡ್ಡಕ್ಕೆ ಬನದ ಹುಣ್ಣಿಮೆ, ಭಾರತ ಹುಣ್ಣಿಮೆಗಳಿಗೆ ಚಕ್ಕಡಿ ಕಟ್ಟಿಕೊಂಡು ಹೋಗುವ ಪದ್ಧತಿಯು ಮೋಟಾರುಗಳ ಕಾಲದಲ್ಲಿಯೂ ಬಿಟ್ಟುಹೋಗಿಲ್ಲ. ಸಹಕಾರದ ವಿಷಯದಲ್ಲಿಯೂ ಈ ಜನರು ಹಿಂದೆ ಬಿದ್ದವರಲ್ಲ. 1969ರಲ್ಲಿ ಸ್ಥಾಪಿತವಾದ ಹುಕ್ಕೇರಿ ತಾಲ್ಲೂಕಿನ ಗ್ರಾಮೀಣ ವಿದ್ಯುತ್ ಸಹಕಾರ ಸಂಘವು ದೇಶದಲ್ಲಿ ಇಂಥವು ಬೆರಳೆಣಿಕೆಯಷ್ಟೇ ಉಳಿದಿರುವುದರಿಂದ ವಿಶೇಷವಾಗಿ ಹೇಳತಕ್ಕದ್ದು.

ಈಗ ಕಬ್ಬಿನ ವಿಷಯಕ್ಕೆ ಬರೋಣ. 1939ರಲ್ಲಿ ಉಗಾರದಲ್ಲಿ ಸಕ್ಕರೆಯ ಕಂಪನಿಯು ಸ್ಥಾಪಿತವಾದುದು ಮೊದಲ್ಗೊಂಡು ಜಿಲ್ಲೆಯಲ್ಲಿ ಕಾರಖಾನೆಗಳು ಹೆಚ್ಚುತ್ತ ಬಂದು ಇಪ್ಪತ್ತನ್ನು ಮೀರಿದುವು. ಸಂಕೇಶ್ವರದಲ್ಲಿ ಕಬ್ಬಿನ ಸಂಶೋಧನೆಯೂ ಬೆಳಗಾವಿಯಲ್ಲಿ ಸಕ್ಕರೆಯ ಶಾಸ್ತ್ರವನ್ನು ಕಲಿಸುವ ಸಂಸ್ಥೆಯೂ ಇರುವುವು. ಕೃಷ್ಣಾ ಘಟಪ್ರಭೆಗಳ ದಂಡೆಗುಂಟ ಹೋದರೆ ಹರದಾರಿಗಟ್ಟಲೆ ಕಬ್ಬಿನ ಹೊರತು ಬೇರೇನೂ ಕಣ್ಣಿಗೆ ಬೀಳದು. ಆಷಾಢದ ಸುಮಾರಿಗೆ ನೆಟ್ಟ ಅಡಸಾಲಿ ಕಬ್ಬು ಹದಿನಾರು ಹದಿನೆಂಟು ತಿಂಗಳು ನೆಲದಲ್ಲಿರುವುದು. ಅದನ್ನು ಕಡಿದ ಮೇಲೆ ಕುಳೆ. ಹೀಗಾಗಿ ಕೆಲವು ಹೊಲಗಳು ವರ್ಷಾನುವರ್ಷ ಒಂದು ದಿನವೂ ಒಣಗುವುದಿಲ್ಲ.

ಇದನ್ನು ರೈತನ ಲೋಭವೆಂದು ಹೇಳುವವರುಂಟು. ಆ ಮಾತು ಸರಿಯಲ್ಲ. ಜೋಳಕ್ಕೂ ಉಳ್ಳಾಗಡ್ಡಿಗೂ ಪೇಟೆಯಲ್ಲಿ ಇಂದು ಒಂದು ಧಾರಣೆ, ನಾಳೆ ಇನ್ನೊಂದು. ಕಬ್ಬಿಗಾದರೆ ಕೊಳ್ಳುವವರು ಗೊತ್ತಿರುವರು, ಸರಕಾರವು ಗೊತ್ತುಮಾಡಿದ ಕನಿಷ್ಠ ಬೆಲೆಯಿದೆ, ಸೊಸೈಟಿಯಲ್ಲಿ ಸಾಲವೂ ಹುಟ್ಟುವುದು. ನಾಲ್ಕು ದಿನ ನೆರೆಯಲ್ಲಿ ನಿಂತರೂ ತಡೆದುಕೊಳ್ಳುವ ಬೆಳೆ ಇದೊಂದೇ. ಕಬ್ಬಿನ ಬಿಲ್ಲು ತಡವಾಗಿ ಬಂದಾಗ ಮಗಳ ಲಗ್ನವನ್ನು ಮುಂದಿನ ವರ್ಷಕ್ಕೆ ಹಾಕಿದ ಮನೆಗಳೂ ಇಲ್ಲದಿಲ್ಲ. ಆದರೂ ಮುಂದಿನ ಹಂಗಾಮಿಗೆ ಅವರು ಮತ್ತೆ ಕಬ್ಬನ್ನೇ ನೆಡುವರು. ಬೇರೆ ಬೆಳೆಗೆ ಇಂತಹ ಭದ್ರತೆಯು ದೊರೆಯುವವರೆಗೆ ಬರಿಯ ಉಪದೇಶದಿಂದ ಅವರು ಕಬ್ಬನ್ನು ಬಿಡುವರೆಂದು ನಿರೀಕ್ಷಿಸುವುದು ವ್ಯರ್ಥ.

ಆದರೆ ನೆಲವು ಏನು ಹೇಳುತ್ತಿದೆಯೆಂಬುದನ್ನೂ ಕೇಳಬೇಕು. ಗೋಕಾಕ, ರಾಯಬಾಗ, ಅಥಣಿ, ಕಾಗವಾಡ, ಚಿಕ್ಕೋಡಿಗಳಲ್ಲಿ ನೀರಾವರಿಯ ಎರೆ ಭೂಮಿಯು ಅಲ್ಲಲ್ಲಿ ಸವಳು ಜವಳಾಗಿ ಕೆಟ್ಟುಹೋಗಿದೆ. ಜವಳೆಂದರೆ ನೀರು ನಿಂತು ಬೇರು ಉಸಿರಾಡದಂತಾದ ಭೂಮಿ; ಸವಳೆಂದರೆ ಉಪ್ಪು ಮೇಲೆದ್ದ ಭೂಮಿ. ಇವೆರಡೂ ಅಣ್ಣತಮ್ಮಂದಿರಂತೆ ಒಂದರ ಹಿಂದೆ ಒಂದು ಬರುವುವು.

ಇದು ಆಗುವ ಬಗೆಯನ್ನು ಚೆನ್ನಾಗಿ ತಿಳಿದುಕೊಳ್ಳತಕ್ಕದ್ದು. ಎರೆಮಣ್ಣಿನ ಕಣಗಳು ಬಹು ಸೂಕ್ಷ್ಮವಾದುವು. ಒದ್ದೆಯಾದಾಗ ಮಣ್ಣು ಉಬ್ಬಿ ಬಿರುಕುಗಳು ಮುಚ್ಚಿಕೊಳ್ಳುವುದರಿಂದ ನೀರು ಕೆಳಕ್ಕೆ ಬಸಿದುಹೋಗುವುದು ಅತಿ ನಿಧಾನ. ಕಾಲುವೆಯ ಸೋರಿಕೆಯೂ ಹೊಲಕ್ಕೆ ಹಾಯಿಸಿದ ಹೆಚ್ಚಿನ ನೀರೂ ವರ್ಷಗಟ್ಟಲೆ ಕೆಳಗೆ ಕೂಡಿಕೊಂಡು, ಮೊದಲು ಹತ್ತಾರು ಮೀಟರು ಆಳದಲ್ಲಿದ್ದ ಅಂತರ್ಜಲದ ಮಟ್ಟವು ಕ್ರಮೇಣ ಮೇಲೇರುವುದು. ಅದು ಒಂದೂವರೆ ಮೀಟರಿನೊಳಗೆ ಬಂದಿತೆಂದರೆ, ದೀಪದ ಬತ್ತಿಯು ಎಣ್ಣೆಯನ್ನು ಎಳೆದುಕೊಳ್ಳುವಂತೆ ಮಣ್ಣು ಆ ನೀರನ್ನು ಮೇಲಕ್ಕೆ ಎಳೆಯತೊಡಗುವುದು. ಬಿಸಿಲಿಗೆ ನೀರು ಆವಿಯಾಗಿ ಹೋಗುವುದು. ನೀರಿನಲ್ಲಿ ಕರಗಿದ್ದ ಉಪ್ಪು ಹೋಗುವುದಿಲ್ಲ. ಮಳೆ ಹೆಚ್ಚಾದ ಖಾನಾಪುರದಲ್ಲಿ ಉಪ್ಪು ಪ್ರತಿವರ್ಷವೂ ತೊಳೆದುಹೋಗುವುದರಿಂದ ಅಲ್ಲಿ ಹುಳಿಯ ಕಷ್ಟ; ಮಳೆ ಕಡಿಮೆಯಾದ ಅಥಣಿಯಲ್ಲಿ ತೊಳೆಯುವವರಿಲ್ಲದುದರಿಂದ ಸವಳಿನ ಕಷ್ಟ. ಮೊದಲು ಹೇಳಿದ ಗೆರೆಯು ಇಲ್ಲಿಯೂ ತನ್ನ ಗುಣವನ್ನು ತೋರಿಸುವುದು.

ಒಂದು ಸಣ್ಣ ಲೆಕ್ಕವನ್ನು ಮಾಡಿ ನೋಡೋಣ. ಒಂದು ಲೀಟರು ನೀರಿನಲ್ಲಿ ಅರ್ಧ ಗ್ರಾಮು ಉಪ್ಪು ಇದೆಯೆಂದು ಇಟ್ಟುಕೊಳ್ಳಿರಿ. ಕುಡಿದವನ ನಾಲಗೆಗೆ ಅದು ಗೊತ್ತಾಗುವಂತಿಲ್ಲ; ಬಯಲಿನ ಕೊಳವೆಬಾವಿಗಳಲ್ಲಿ ಇಷ್ಟಿರುವುದು ಅಪರೂಪವೂ ಅಲ್ಲ. ಕಬ್ಬಿಗೆ ವರ್ಷದಲ್ಲಿ 1,500 ಮಿಲಿಮೀಟರು ನೀರನ್ನು ಹಾಯಿಸಿದರೆ ಎಕರೆಗೆ ಸುಮಾರು 60 ಲಕ್ಷ ಲೀಟರು ಆಗುವುದು. ಅದರೊಡನೆ ಹೊಲಕ್ಕೆ ಬಂದ ಉಪ್ಪು ಸುಮಾರು 3,000 ಕಿಲೋ, ಅಂದರೆ ಮೂರು ಟನ್ನು. ನದಿಯ ನೀರಿನಲ್ಲಿ ಇದಕ್ಕಿಂತ ಕಡಿಮೆಯಿರಬಹುದು. ಎಷ್ಟೇ ಇರಲಿ, ಬಸಿದುಹೋಗಲು ದಾರಿಯಿಲ್ಲದ ಹೊಲದಲ್ಲಿ ಅದು ಅಲ್ಲಿಯೇ ಕುಳಿತುಕೊಳ್ಳುವುದು. ಹತ್ತು ವರ್ಷಗಳ ಗಣಿತವನ್ನು ವಾಚಕರೇ ಮಾಡಿಕೊಳ್ಳಬಹುದು.

ಇದರ ಗುರುತುಗಳು ಒಮ್ಮೆಲೇ ಕಾಣುವುದಿಲ್ಲ. ಮೊದಲು ಹೊಲದ ತಗ್ಗಿನಲ್ಲಿ ಕಬ್ಬು ಗಿಡ್ಡಾಗುವುದು, ಎಲೆಯ ತುದಿ ಸುಡುವುದು, ಕುಳೆಯಲ್ಲಿ ಮೊಳಕೆಗಳು ಹುಸಿ ಹೋಗುವುವು. ರೈತನು ಗೊಬ್ಬರ ಸಾಲದಾಯಿತೆಂದು ಇನ್ನೊಂದು ಚೀಲ ಯೂರಿಯಾ ಹಾಕಿ, ಇನ್ನೊಂದು ನೀರು ಬಿಡುವನು. ಮರುವರ್ಷ ಬೇಸಿಗೆಯಲ್ಲಿ ನೆಲದ ಮೇಲೆ ಬೆಳ್ಳನೆಯ ಪುಡಿ ಏಳುವುದು. ಕೆಲವೆಡೆ ಬಿಳಿಗೆ ಬದಲಾಗಿ ಕಪ್ಪಗೆ ಎಣ್ಣೆ ಸವರಿದಂತೆ ಕಾಣುವುದುಂಟು. ಅದು ಸೋಡಿಯಮ್ಮು ಹೆಚ್ಚಾದ ಕ್ಷಾರಭೂಮಿಯ ಗುರುತು. ಈ ಎರಡನ್ನೂ ಒಂದೇ ಎಂದು ತಿಳಿಯುವುದರಿಂದ ಬಹಳ ಹಣವು ಹಾಳಾಗುತ್ತಿದೆ. ಬರಿಯ ಉಪ್ಪಿನ ಭೂಮಿಗೆ ಜಿಪ್ಸಮ್ಮು ಹಾಕಿ ಫಲವಿಲ್ಲ. ಅದಕ್ಕೆ ಬೇಕಾದುದು ಒಳ್ಳೆಯ ನೀರಿನಿಂದ ತೊಳೆತ ಮತ್ತು ಬಸಿಯುವ ದಾರಿ. ಕ್ಷಾರಭೂಮಿಗೆ ಜಿಪ್ಸಮ್ಮು ಬೇಕು. ಎಕರೆಗೆ ಎಷ್ಟೆಂಬುದನ್ನು ಮಣ್ಣಿನ ಪರೀಕ್ಷೆಯೇ ಹೇಳಬೇಕು, ಅಂಗಡಿಯವನು ಅಲ್ಲ. ಎರಡಕ್ಕೂ ಬಸಿಗಾಲುವೆ ಇಲ್ಲದಿದ್ದರೆ ಹಾಕಿದ ಹಣವೆಲ್ಲವೂ ನೀರಿನಲ್ಲಿ ಹೋಮ.

ಇನ್ನೂ ಕೆಡದ ಭೂಮಿಯುಳ್ಳವರು ಮಾಡತಕ್ಕ ಮೊದಲ ಕೆಲಸವು ಖರ್ಚಿನದಲ್ಲ. ಹೊಲದ ತಗ್ಗಿನ ಮೂಲೆಯಲ್ಲಿ ಎರಡು ಮೀಟರು ಆಳದ ಒಂದು ರಂಧ್ರವನ್ನು ಕೊರೆದು, ಪಕ್ಕದಲ್ಲಿ ತೂತುಗಳಿರುವ ಕೊಳವೆಯನ್ನು ಇಳಿಬಿಟ್ಟು, ಬೇಸಿಗೆಯ ಕೊನೆಗೊಮ್ಮೆ, ಮಳೆಗಾಲದ ಕೊನೆಗೊಮ್ಮೆ ನೀರು ಎಷ್ಟು ಆಳದಲ್ಲಿದೆಯೆಂದು ಕೋಲಿನಿಂದ ಅಳೆದು ಬರೆದಿಡಬೇಕು. ವರ್ಷದಿಂದ ವರ್ಷಕ್ಕೆ ನೀರು ಮೇಲಕ್ಕೆ ಬರುತ್ತಿದ್ದರೆ ಹೊಲವು ಸವಳಿನ ದಾರಿ ಹಿಡಿದಿದೆಯೆಂದು ತಿಳಿಯತಕ್ಕದ್ದು. ಹನಿ ನೀರಾವರಿಯಿಂದ ಹಾಯಿಸುವ ನೀರು ಗಮನಾರ್ಹವಾಗಿ ತಗ್ಗುವುದು. ಅದಿಲ್ಲದವರು ಒಂದು ಸಾಲು ಬಿಟ್ಟು ಒಂದು ಸಾಲಿಗೆ ನೀರು ಕೊಡಬಹುದು. ಕಡಿದ ಮೇಲೆ ರವದಿಗೆ ಬೆಂಕಿಯಿಕ್ಕುವ ಬದಲು ಸಾಲುಗಳಲ್ಲಿ ಹಾಸಿದರೆ ತೇವವು ಆರದೆ ಉಪ್ಪು ಮೇಲೇರುವುದು ತಡೆಯುವುದು. ಎರಡು ಮೂರು ಕುಳೆಗಳಾದ ಮೇಲೆ ಸೆಣಬನ್ನೋ ಡಯಂಚವನ್ನೋ ಬಿತ್ತಿ ಹೂವಾಡುವಾಗ ಮಣ್ಣಿಗೆ ಸೇರಿಸಿ, ಒಂದು ಹಂಗಾಮಿಗೆ ಗೋಧಿ, ಹತ್ತಿ, ಕುಸುಬೆಗಳಂತಹ ಉಪ್ಪನ್ನು ತಕ್ಕಮಟ್ಟಿಗೆ ಸೈರಿಸುವ ಬೆಳೆಗಳನ್ನು ತೆಗೆಯುವುದು ಲೇಸು. ಕಡಲೆ ಹೆಸರುಗಳು ಇಂತಹ ನೆಲದಲ್ಲಿ ಮೊದಲು ಸೋಲುವುವು.

ಕೆಟ್ಟುಹೋದ ಭೂಮಿಯನ್ನು ಮತ್ತೆ ಸಾಗುವಳಿಗೆ ತರುವುದು ಸಾಧ್ಯವೇ ಎಂದರೆ, ಸಾಧ್ಯ. ಉಗಾರ ಬುದ್ರುಕದ ಕಡೆ ನೆಲದೊಳಗೆ ತೂತಿನ ಕೊಳವೆಗಳನ್ನು ಹೂಳಿ ಉಪ್ಪುನೀರನ್ನು ಬಸಿದುಹಾಕುವ ಕೆಲಸವು ನಡೆದಿದೆ. ಆದರೆ ಒಬ್ಬನ ಹೊಲದಲ್ಲಿ ಬಸಿದ ನೀರು ಇನ್ನೊಬ್ಬನ ಹೊಲವನ್ನು ದಾಟದೆ ಹಳ್ಳವನ್ನು ಸೇರಲಾರದು. ಮೇಲಿನ ಹೊಲದವನು ಕಾಲುವೆಯ ಬಾಯಲ್ಲಿ ರಾತ್ರಿಯೆಲ್ಲಾ ನೀರು ಬಿಟ್ಟುಕೊಂಡರೆ ಕೆಳಗಿನ ಹೊಲದವನದು ಜವಳಾಗುವುದು. ಕೆಳಗಿನವನು ತನ್ನ ಹೊಲದಲ್ಲಿ ಬಸಿಗಾಲುವೆಗೆ ಎರಡು ಗುಂಟೆ ಬಿಡದಿದ್ದರೆ ಮೇಲಿನವನದೂ ಉಳಿಯದು. ಗಡಿಯ ಹಳ್ಳಿಗಳಲ್ಲಿ ಈ ಇಬ್ಬರಲ್ಲಿ ಒಬ್ಬನು ಕನ್ನಡದವನೂ ಇನ್ನೊಬ್ಬನು ಮರಾಠಿಯವನೂ ಆಗಿರುವುದು ಸಾಮಾನ್ಯ.

ಆದುದರಿಂದ ಬಸಿಗಾಲುವೆಯನ್ನು ಸರ್ವೆ ನಂಬರಿನ ಲೆಕ್ಕದಲ್ಲಿ ತೆಗೆಯದೆ, ಒಂದು ಹಳ್ಳಕ್ಕೆ ಹರಿದು ಬರುವ ಭೂಮಿಯಷ್ಟನ್ನೂ ಒಟ್ಟಾಗಿ ಹಿಡಿದು ಯೋಜಿಸಬೇಕು. ಹಿಂದೆ ಬಯಲಿನ ಊರುಗಳಲ್ಲಿ ಹಳ್ಳದ ಹೂಳನ್ನು ಎಲ್ಲರೂ ಕೂಡಿ ತೆಗೆಯುತ್ತಿದ್ದುದುಂಟು. ಈಗ ಎಷ್ಟೋ ಹಳ್ಳಗಳ ಪಾತ್ರದೊಳಕ್ಕೆ ಕಬ್ಬಿನ ಸಾಲುಗಳೇ ಇಳಿದಿರುವುವು. ಉಳಿದುವನ್ನು ಬಳ್ಳಾರಿ ಜಾಲಿ ಮುಚ್ಚಿದೆ. ಈ ಸೀಮೆಯಲ್ಲಿ ಹಳ್ಳ ತೆರವು ಮಾಡಲು ತಕ್ಕ ಕಾಲವೆಂದರೆ ಕಬ್ಬು ಕಡಿಯುವ ತಂಡಗಳು ಹಿಂದಿರುಗಿ ಕಾರಖಾನೆಗಳು ನಿಂತ ಮೇಲೆ, ರೋಹಿಣಿ ಮಳೆಗೆ ಮುಂಚಿನ ಐದಾರು ವಾರಗಳು. ಆಗ ಹೊಲದಲ್ಲಿ ಕೆಲಸ ಕಡಿಮೆ, ಹಳ್ಳವು ಒಣಗಿರುವುದು, ಯಂತ್ರಗಳೂ ಬಾಡಿಗೆಗೆ ಸಿಕ್ಕುವುವು. ಗ್ರಾಮ ಪಂಚಾಯತಿಯವರು ಉದ್ಯೋಗ ಖಾತರಿಯ ಕಾಮಗಾರಿಗಳಲ್ಲಿ ಇದನ್ನು ಸೇರಿಸಿಕೊಂಡು, ತಲಾಟಿಯ ಕಡೆಯಿಂದ ಹಳ್ಳದ ಹಳೆಯ ಎಲ್ಲೆಯನ್ನು ಗುರುತು ಮಾಡಿಸಿ, ಕೆಳಗಿನ ಊರಿನಿಂದ ಮೇಲಿನ ಊರಿನ ಕಡೆಗೆ ಕೆಲಸವನ್ನು ನಡೆಯಿಸಬೇಕು. ಮೇಲಿನಿಂದ ಆರಂಭಿಸಿದರೆ ಮೊದಲ ಮಳೆಗೇ ಹೂಳೆಲ್ಲವೂ ಕೆಳಗಿನ ಊರಿನ ಹೊಲಗಳಲ್ಲಿ ಬಂದು ನಿಲ್ಲುವುದು.